ಬೇಲಿ ನುಂಗಿದ ಹನಿಸಕಲ್: ರೆಡಿಂಗ್‌ನ ಒಂದು ಹಿತ್ತಲಿನ ಪ್ರಕರಣ

ಇಂಗ್ಲೆಂಡಿನ ರೆಡಿಂಗ್‌ನಲ್ಲಿ ವಿಜಯಪುರ ಕಡೆಯ ಒಂದು ಕುಟುಂಬ 2021ರ ಕೊನೆಯಲ್ಲಿ ಹಳೆಯದೊಂದು ಮನೆ ಕೊಂಡಿತು. ಸಾಲುಮನೆ, ಹಿಂದೆ ಉದ್ದನೆಯ ಕಿರಿದಾದ ಹಿತ್ತಲು. ಹಿತ್ತಲಿನ ಎಡಗಡೆ ಮರದ ಬೇಲಿ. ಅದರ ಮೂರು ಪ್ಯಾನಲ್‌ಗಳನ್ನು ಒಂದೇ ಒಂದು ಹನಿಸಕಲ್ ಬಳ್ಳಿ ಪೂರ್ತಿ ಮುಚ್ಚಿಬಿಟ್ಟಿತ್ತು. ಇಲ್ಲಿ ಪ್ಯಾನಲ್ ಅಂದರೆ ಸಾಮಾನ್ಯವಾಗಿ ಆರಡಿ ಅಗಲ, ಆರಡಿ ಎತ್ತರ. ಬಳ್ಳಿ ಅದನ್ನೂ ಮೀರಿ ಪಕ್ಕದ ಮನೆಯವರ ಶೆಡ್ಡಿನ ಸೂರಿನ ಮೇಲೆ ಹೋಗಿ ಮಲಗಿತ್ತು. ಮೇಲೆ ದಟ್ಟ ಹೊದಿಕೆ, ಕೆಳಗೆ ಬರೀ ಕಟ್ಟಿಗೆ. ಬುಡದಿಂದ ಎದೆಮಟ್ಟದವರೆಗೆ ಒಂದೇ ಒಂದು ಎಲೆ ಇರಲಿಲ್ಲ.

2022ರ ಫೆಬ್ರುವರಿ 18ರಂದು ಯೂನಿಸ್ ಬಿರುಗಾಳಿ ಬಂತು. ದಕ್ಷಿಣ ಇಂಗ್ಲೆಂಡಿನಲ್ಲಿ ಬೇಲಿ ಬೀಳದ ಬೀದಿ ಕಡಿಮೆ. ಈ ಮನೆಯ ಬೇಲಿ ಬೀಳಲಿಲ್ಲ, ಆದರೆ ನಡುವಿನ ಪ್ಯಾನಲ್ ಪಕ್ಕದ ಮನೆ ಕಡೆ ವಾಲಿತು. ಎಲೆ ಇಲ್ಲದ ಕಾಲದಲ್ಲೂ ಆ ಒಣಕಡ್ಡಿಗಳ ರಾಶಿ ಗಾಳಿಗೆ ಅಷ್ಟು ಅಡ್ಡ ನಿಂತಿತ್ತು. ಪಕ್ಕದ ಮನೆಯವರು ಸಹಜವಾಗಿಯೇ ದೂರು ಹೇಳಿದರು. ಮನೆಯ ಯಜಮಾನರು ಬಳ್ಳಿಯನ್ನು ಬೇರು ಸಮೇತ ಕಿತ್ತುಹಾಕೋಣ ಅಂದರು. ಅವರ ಹೆಂಡತಿಗೆ ಅದು ಬೇಡವಾಗಿತ್ತು. ಮನೆ ನೋಡಲು ಜುಲೈ ತಿಂಗಳ ಒಂದು ಸಂಜೆ ಬಂದಾಗ ಹಿತ್ತಲು ತುಂಬ ಇದರ ವಾಸನೆಯಿತ್ತು. ಹತ್ತಾರು ಮನೆ ನೋಡಿದ್ದರಲ್ಲಿ ಇದೇ ಮನಸ್ಸಿಗೆ ಹಿಡಿಸಲು ಅದೂ ಒಂದು ಕಾರಣ ಅಂತ ಆಕೆ ಹೇಳಿದರು.

ಈ ಊರಿನ ಕನ್ನಡದ ಗೆಳೆಯರು ಗಿಡ, ಬಳ್ಳಿ ವಿಷಯಕ್ಕೆ ನನ್ನನ್ನು ಕರೆಯುವುದು ರೂಢಿ. ಏಪ್ರಿಲ್‌ನಲ್ಲಿ ಹೋಗಿ ನೋಡಿದೆ. ಇದನ್ನು ವಿವರವಾಗಿ ಬರೆಯುವುದಕ್ಕೆ ಕಾರಣ ಇದೆ. ನಮ್ಮವರು ಇಲ್ಲಿ ಹಳೆಯ ಮನೆ ಕೊಂಡಾಗ ಹಿತ್ತಲಲ್ಲಿ ಇಂಥದ್ದೊಂದು ಬಳ್ಳಿ ಸಿಗುವುದು ಜಾಸ್ತಿ. ಆಗ ಎಲ್ಲರೂ ಎರಡರಲ್ಲಿ ಒಂದು ಮಾಡುತ್ತಾರೆ. ಒಂದೋ ಕಿತ್ತು ಎಸೆಯುತ್ತಾರೆ, ಇಲ್ಲವೇ ವರ್ಷಕ್ಕೊಮ್ಮೆ ಮೇಲಿಂದ ಮಟ್ಟಸವಾಗಿ ಕತ್ತರಿಸುತ್ತಾರೆ. ಎರಡೂ ಬೇಕಾಗಿಲ್ಲ. ಆ ಎರಡನೆಯದರಿಂದಲೇ ಈ ಬಳ್ಳಿ ಇಂಥ ಸ್ಥಿತಿಗೆ ಬಂದಿತ್ತು.

ಮೊದಲು ಯಾವ ಹನಿಸಕಲ್ ಅಂತ ಗೊತ್ತಾಗಬೇಕು. ಇದನ್ನು ಬಿಟ್ಟು ಕತ್ತರಿ ಹಿಡಿಯಬಾರದು. ಇಂಗ್ಲೆಂಡಿನ ಹಿತ್ತಲುಗಳಲ್ಲಿ ಮುಖ್ಯವಾಗಿ ಎರಡು ಬಗೆಯ ಬಳ್ಳಿ ಕಾಣುತ್ತವೆ. ಒಂದು ಈ ನೆಲದ್ದೇ ಆದ ಲೋನಿಸೆರಾ ಪೆರಿಕ್ಲೈಮೆನಮ್. ಚಳಿಗಾಲದಲ್ಲಿ ಎಲೆ ಉದುರಿಸುತ್ತದೆ, ಹೂವು ಕಡ್ಡಿಯ ತುದಿಯಲ್ಲಿ ಗೊಂಚಲಾಗಿ ಬರುತ್ತದೆ, ಹಣ್ಣು ಕೆಂಪು. ಇನ್ನೊಂದು ಲೋನಿಸೆರಾ ಜಪೋನಿಕಾ. ಅದು ಚಳಿಗಾಲದಲ್ಲೂ ಸಾಕಷ್ಟು ಎಲೆ ಉಳಿಸಿಕೊಳ್ಳುತ್ತದೆ, ಹೂವು ಎಲೆಯ ಸಂದಿಯಲ್ಲಿ ಜೋಡಿಜೋಡಿಯಾಗಿ ಬಿಡುತ್ತದೆ, ಹಣ್ಣು ಕಪ್ಪು. ಮೂರನೆಯದು ಲೋನಿಸೆರಾ ನಿಟಿಡಾ. ಅದು ಬಳ್ಳಿಯೇ ಅಲ್ಲ, ಸಣ್ಣ ಎಲೆಯ ಪೊದೆ. ಬೇಲಿಸಾಲಿಗೆ ನೆಡುತ್ತಾರೆ, ವರ್ಷದಲ್ಲಿ ಹಲವು ಸಲ ಕತ್ತರಿಸಿದರೂ ನಡೆಯುತ್ತದೆ. ಅದರ ಸಲಹೆಯನ್ನು ಬಳ್ಳಿಗೆ ಹಚ್ಚಿ ಕೆಡಿಸಿಕೊಂಡವರಿದ್ದಾರೆ.

ನಾನು ಹೋದಾಗ ಹೂವಿರಲಿಲ್ಲ. ಆದರೂ ಸುಳಿವುಗಳು ಸಾಕಷ್ಟಿದ್ದವು. ಜನವರಿಯಲ್ಲಿ ಬಳ್ಳಿ ಬೋಳಾಗಿತ್ತು ಅಂತ ಮನೆಯವರಿಗೆ ನೆನಪಿತ್ತು. ಎಲೆಗಳು ಎದುರುಬದುರು ಜೋಡಿಯಾಗಿದ್ದವು. ಹಳೆಯ ಕಾಂಡದ ತೊಗಟೆ ಉದ್ದುದ್ದ ಪಟ್ಟಿಯಾಗಿ ಸುಲಿದು ನೇತಾಡುತ್ತಿತ್ತು. ಆಕೆಯ ಫೋನಿನಲ್ಲಿ ಹಿಂದಿನ ಜುಲೈನ ಒಂದು ಫೋಟೋ ಸಿಕ್ಕಿತು: ತುದಿಯಲ್ಲಿ ಗೊಂಚಲು, ಹೊರಗೆ ಗುಲಾಬಿ ಕೆಂಪು, ಒಳಗೆ ಕೆನೆ ಬಣ್ಣ. ಅಲ್ಲಿಗೆ ಅನುಮಾನ ಮುಗಿಯಿತು. ಇದು ಪೆರಿಕ್ಲೈಮೆನಮ್. ತಳಿಯ ಹೆಸರು ಬೇಕಾಗಿರಲಿಲ್ಲ. ಯಾವ ತಿಂಗಳಲ್ಲಿ, ಎಂಥ ಕಡ್ಡಿಯಲ್ಲಿ ಹೂವು ಬರುತ್ತದೆ ಅನ್ನುವುದಷ್ಟೇ ಬೇಕಾಗಿತ್ತು.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ಬೆಂಗಳೂರಿನ ಗೇಟುಗಳ ಮೇಲೆ ಕೆಂಪು, ಬಿಳಿ, ಗುಲಾಬಿ ಹೂ ಬಿಡುವ ರಂಗೂನ್ ಬಳ್ಳಿಯನ್ನೂ ಕೆಲವರು ಚೈನೀಸ್ ಹನಿಸಕಲ್ ಅನ್ನುತ್ತಾರೆ. ಅದರ ಕುಲವೇ ಬೇರೆ. ಈ ಬರಹದಲ್ಲಿ ಬರುವ ತಿಂಗಳುಗಳ ಲೆಕ್ಕ ಅದಕ್ಕೆ ಹೊಂದುವುದಿಲ್ಲ.

ಆ ಹೊತ್ತಿಗೆ ಯಜಮಾನರ ತಂದೆ ಊರಿಂದ ಬಂದಿದ್ದರು. ಟಿಕೋಟಾ ಕಡೆ ದ್ರಾಕ್ಷಿ ತೋಟ ಇಟ್ಟುಕೊಂಡವರು. ಕಟಾವು ಮುಗಿಸಿ, ಏಪ್ರಿಲ್ ಚಾಟ್ನಿಯನ್ನು, ಅಂದರೆ ದ್ರಾಕ್ಷಿ ಬಳ್ಳಿ ಕತ್ತರಿಸುವ ಕೆಲಸವನ್ನು, ದೊಡ್ಡ ಮಗನಿಗೆ ವಹಿಸಿ ಬಂದಿದ್ದರು. ಅವರನ್ನು ನಾವೆಲ್ಲ ಕಾಕಾ ಅಂತಲೇ ಕರೆಯುವುದು. ಬಳ್ಳಿಯ ಕೆಳಗೆ ಕೂತು ಕಾಂಡಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. ಆಮೇಲೆ ಅವರು ಕೇಳಿದ ಪ್ರಶ್ನೆಯೇ ಈ ಇಡೀ ಕೆಲಸದ ಬೀಗದ ಕೈ.

“ಇದಕ್ಕ ಹೂವು ಹಳೇ ಕಡ್ಡಿಗಿ ಬರ್ತಾವೋ, ಹೊಸಾ ಕಡ್ಡಿಗಿ ಬರ್ತಾವೋ?”

ಉತ್ತರ ಸ್ವಲ್ಪ ಬಿಡಿಸಿ ಹೇಳಬೇಕು. ಪೆರಿಕ್ಲೈಮೆನಮ್‌ನಲ್ಲಿ ಹೋದ ವರ್ಷ ಬೆಳೆದು ಬಲಿತ ಕಡ್ಡಿ ಇರುತ್ತದಲ್ಲ, ಅದರ ಗೆಣ್ಣಿನ ಕಣ್ಣುಗಳಿಂದ ಈ ವರ್ಷ ಗಿಡ್ಡನೆಯ ಅಡ್ಡಚಿಗುರು ಹೊರಡುತ್ತವೆ. ಹೂಗೊಂಚಲು ಆ ಚಿಗುರಿನ ತುದಿಯಲ್ಲಿ. ಅಂದರೆ ಹೂವು ಕೂರುವುದು ಹೊಸ ಚಿಗುರಿನ ಮೇಲೆ, ಆದರೆ ಆ ಚಿಗುರಿಗೆ ಹೋದ ವರ್ಷದ ಕಡ್ಡಿ ಬೇಕು. ಹೋದ ವರ್ಷದ ಕಡ್ಡಿಯನ್ನು ಚಳಿಗಾಲದಲ್ಲೋ ವಸಂತದಲ್ಲೋ ಕತ್ತರಿಸಿದರೆ ಆ ಬೇಸಿಗೆಯ ಹೂವನ್ನೇ ಕತ್ತರಿಸಿದ ಹಾಗೆ. ಜಪೋನಿಕಾದಲ್ಲಿ ಹಾಗಲ್ಲ. ಅದು ಅದೇ ವರ್ಷದ ಹೊಸ ಕಡ್ಡಿಯುದ್ದಕ್ಕೂ ಹೂವು ಬಿಡುತ್ತದೆ. ಅದಕ್ಕೇ ಅದನ್ನು ವಸಂತದ ಶುರುವಿನಲ್ಲಿ ಕತ್ತರಿಸಬಹುದು.

ಕಾಕಾಗೆ ಇಷ್ಟು ಹೇಳಿದ್ದೇ ತಡ, “ಹಂಗಾದ್ರ ಇದು ನಮ್ಮ ದ್ರಾಕ್ಷಿ ಲೆಕ್ಕಾನ” ಅಂದರು. ನಿಜ. ದ್ರಾಕ್ಷಿಯಲ್ಲೂ ಏಪ್ರಿಲ್ ಚಾಟ್ನಿ ಮಾಡುವುದು ಕಡ್ಡಿ ಬೆಳೆಸಲಿಕ್ಕೆ. ಆ ಕಡ್ಡಿ ಬಲಿಯುವಾಗಲೇ ಅದರ ಕಣ್ಣಿನೊಳಗೆ ಗೊನೆಯ ತಯಾರಿ ಆಗುತ್ತದೆ. ಅಕ್ಟೋಬರ್ ಚಾಟ್ನಿಯಲ್ಲಿ ಎಷ್ಟು ಕಣ್ಣು ಉಳಿಸಬೇಕು ಅಂತ ಲೆಕ್ಕ ಹಾಕಿ ಕತ್ತರಿಸುತ್ತಾರೆ, ಆಗ ಒಡೆದ ಚಿಗುರಿನಲ್ಲಿ ಹಣ್ಣು. ಎರಡೂ ಬಳ್ಳಿ, ಎರಡಕ್ಕೂ ಮೊದಲು ಕಡ್ಡಿ ಬಲಿಯಬೇಕು. ವ್ಯತ್ಯಾಸ ಎಲ್ಲಿ ಅಂದರೆ ನಮ್ಮಲ್ಲಿ ಚಳಿ ಸಾಲದು, ದ್ರಾಕ್ಷಿಯ ಕಣ್ಣು ಒಡೆಯಲು ಔಷಧಿ ಹಚ್ಚಬೇಕು. ಇಲ್ಲಿ ಏನು ಹಚ್ಚುತ್ತೀರಿ ಅಂತ ಕಾಕಾ ಕೇಳಿದರು. ಏನೂ ಹಚ್ಚುವುದಿಲ್ಲ. ಆ ಕೆಲಸವನ್ನು ಚಳಿಗಾಲವೇ ಮಾಡುತ್ತದೆ. ಕತ್ತರಿಸಿದ ಗಾಯಕ್ಕೆ ಬೋರ್ಡೋ ಪೇಸ್ಟ್ ಹಚ್ಚುವ ರೂಢಿಯೂ ಇಲ್ಲಿ ಹನಿಸಕಲ್‌ಗೆ ಇಲ್ಲ, ಅದರ ಅಗತ್ಯವೂ ಇಲ್ಲ. ಕತ್ತರಿ ಹರಿತವಾಗಿದ್ದು ಗಾಯ ನುಣುಪಾಗಿದ್ದರೆ ಸಾಕು.

ಈ ಲೆಕ್ಕ ಇಟ್ಟುಕೊಂಡು ಬಳ್ಳಿಯನ್ನು ಮತ್ತೆ ನೋಡಿದರೆ ಅದರ ಇತಿಹಾಸ ತಾನಾಗಿ ಓದಿಕೊಂಡಿತು. ಬೇಲಿಯ ತಲೆಯ ಮಟ್ಟದಲ್ಲಿ ನೂರಾರು ಮೊಂಡು ತುದಿಗಳು, ಎಲ್ಲಾ ಒಂದೇ ಎತ್ತರದಲ್ಲಿ. ಮೊದಲಿದ್ದವರು ಪ್ರತಿ ವಸಂತದಲ್ಲೂ ಬೇಲಿಗಿಡ ಕತ್ತರಿಸುವ ಮೆಷಿನ್ ಹಿಡಿದು ಮಟ್ಟ ಮಾಡಿದ್ದಾರೆ. ಕತ್ತರಿಸಿದ ಪ್ರತಿ ತುದಿಯಿಂದ ಎರಡು, ಮೂರು ಚಿಗುರು ಹುಟ್ಟಿ ಒಂದು ದಟ್ಟ ಮುಚ್ಚಳ ಆಗಿದೆ. ಮುಚ್ಚಳ ಬಿದ್ದಮೇಲೆ ಒಳಗೆ ಬೆಳಕಿಲ್ಲ. ಬೆಳಕಿಲ್ಲದ ಕಡೆ ಎಲೆ ಸತ್ತಿದೆ, ಕಡ್ಡಿ ಒಣಗಿದೆ, ಬುಡ ಬೋಳಾಗಿದೆ. ಹೂವು ಬಂದಿದ್ದು ಮೆಷಿನ್ ಮುಟ್ಟದ ಕಡೆ, ಶೆಡ್ಡಿನ ಸೂರಿನ ಮೇಲೆ ಮಾತ್ರ. ಮನೆಯವರಿಗೆ ವಾಸನೆ ಬಂದಿತ್ತು, ಹೂವು ಕಂಡಿದ್ದು ಕಡಿಮೆ. ಕಾರಣ ಇದು.

ಮುಚ್ಚಳದ ಒಳಗೆ ಬೇರೆ ಬಳ್ಳಿಯೂ ಸೇರಿತ್ತು. ಬೈಂಡ್‌ವೀಡ್ ಅನ್ನುವ ಕಳೆಬಳ್ಳಿ. ಹಿಂದಿನ ವರ್ಷದ ಅದರ ಒಣ ಹುರಿಗಳು ಹನಿಸಕಲ್‌ಗೆ ಸುತ್ತಿಕೊಂಡಿದ್ದವು. ಎರಡೂ ಸುತ್ತುವ ದಿಕ್ಕು ಒಂದಕ್ಕೊಂದು ವಿರುದ್ಧ. ಎಲೆ ಇಲ್ಲದಾಗಲೂ ಯಾವುದು ಯಾವುದೆಂದು ಇದರಿಂದ ಹೇಳಬಹುದು. ಅದರ ಬೇರು ಬಿಳಿ, ಮೆತ್ತಗೆ, ತುಂಡಾದರೆ ಪ್ರತಿ ತುಂಡೂ ಚಿಗುರುತ್ತದೆ. ಅದನ್ನು ಸುಮ್ನೆ ಎಳೆಯದೆ ಮಣ್ಣು ಸಡಿಲ ಮಾಡಿ ತೆಗೆಯಬೇಕು. ಇವತ್ತಿಗೂ ಆ ಹಿತ್ತಲಲ್ಲಿ ಅದು ಅಲ್ಲಲ್ಲಿ ತಲೆ ಎತ್ತುತ್ತದೆ.

ಬೇಲಿ ಯಾರದು ಅನ್ನುವ ಪ್ರಶ್ನೆಯೂ ಬಂತು. ಎಡಗಡೆಯದು ನಿಮ್ಮದು, ಬಲಗಡೆಯದು ಅವರದು ಅಂತ ಇಲ್ಲಿ ಎಲ್ಲರೂ ಹೇಳುತ್ತಾರೆ. ಅಂಥ ಯಾವ ನಿಯಮವೂ ಇಲ್ಲ. ಮನೆಯ ಪತ್ರದ ನಕ್ಷೆಯಲ್ಲಿ ಗಡಿಗೆರೆಯ ಮೇಲೆ ‘ಟಿ’ ಗುರುತು ಇದ್ದರೆ ಅದು ಯಾರ ಜಾಗದ ಕಡೆ ಇದೆಯೋ ಬೇಲಿಯ ಹೊಣೆ ಸಾಮಾನ್ಯವಾಗಿ ಅವರದು. ಈ ಮನೆಯ ಪತ್ರದಲ್ಲಿ ಗುರುತು ಇವರ ಕಡೆಗೇ ಇತ್ತು. ಪಕ್ಕದವರಿಗೆ ತಮ್ಮ ಜಾಗಕ್ಕೆ ಬಂದ ಕೊಂಬೆಯನ್ನು ಗಡಿಯವರೆಗೆ ಕತ್ತರಿಸುವ ಹಕ್ಕಿದೆ. ಅವರು ಆ ವಾರಾಂತ್ಯದಲ್ಲೇ ಶೆಡ್ಡಿನ ಮೇಲಿನದನ್ನೆಲ್ಲ ತೆಗೆಯುವ ಯೋಚನೆಯಲ್ಲಿದ್ದರು.

ಆಗ ಕೆಲಸ ನಿಲ್ಲಿಸಬೇಕಾಯಿತು. ಬಾಯಲ್ಲಿ ಎರೆಹುಳ ಕಚ್ಚಿಕೊಂಡ ಒಂದು ಬ್ಲ್ಯಾಕ್‌ಬರ್ಡ್ ಮುಚ್ಚಳದೊಳಗೆ ನುಗ್ಗಿದ್ದನ್ನು ಕಾಕಾ ನೋಡಿದರು. ಸ್ವಲ್ಪ ಹೊತ್ತಿಗೆ ಬರೀ ಬಾಯಲ್ಲಿ ಹೊರಗೆ ಬಂತು. ಒಳಗೆ ಮರಿಗಳಿವೆ ಅಂತ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಗಂಡು ಕಪ್ಪು, ಕೊಕ್ಕು ಹಳದಿ. ಹೆಣ್ಣು ಕಂದು ಬಣ್ಣದ್ದು, ಗೂಡಿನ ಮೇಲೆ ಕೂತರೆ ಕಾಣುವುದೇ ಇಲ್ಲ. ಪಕ್ಷಿ ಕಟ್ಟುತ್ತಿರುವ ಅಥವಾ ಬಳಸುತ್ತಿರುವ ಗೂಡನ್ನು ಗೊತ್ತಿದ್ದೂ ಹಾಳು ಮಾಡುವುದು 1981ರ ವೈಲ್ಡ್‌ಲೈಫ್ ಅಂಡ್ ಕಂಟ್ರಿಸೈಡ್ ಕಾಯ್ದೆಯಡಿ ಅಪರಾಧ. ಮನೆಯ ಹಿತ್ತಲಿಗೂ ಇದು ಅನ್ವಯಿಸುತ್ತದೆ. ಬ್ಲ್ಯಾಕ್‌ಬರ್ಡ್ ಒಂದು ವರ್ಷದಲ್ಲಿ ಎರಡು, ಮೂರು ಸಲ ಮರಿ ಮಾಡುತ್ತದೆ. ಹಾಗಾಗಿ ಮಾರ್ಚ್‌ನಿಂದ ಆಗಸ್ಟ್‌ವರೆಗೆ ದಟ್ಟ ಬಳ್ಳಿಯನ್ನು ದೊಡ್ಡದಾಗಿ ಕತ್ತರಿಸದೇ ಇರುವುದು ಒಳ್ಳೆಯದು. ಕಾನೂನು ಇಲ್ಲದಿದ್ದರೂ ನಾನು ಇದನ್ನೇ ಹೇಳುತ್ತಿದ್ದೆ. ಒಂದು ಬೇಲಿಯ ಅವಸರಕ್ಕೆ ಮರಿಗಳನ್ನು ಬೀಳಿಸುವುದು ಸರಿಯಲ್ಲ.

ಆಕೆ ಹೋಗಿ ಪಕ್ಕದ ಮನೆಯವರಿಗೆ ಗೂಡಿನ ವಿಷಯ ಹೇಳಿದರು. ಅವರು ಒಪ್ಪಿದರು, ಶರತ್ತು ಒಂದೇ: ಬೇಲಿ ಅವರ ಮೇಲೆ ಬೀಳಬಾರದು. ವಾಲಿದ ಪ್ಯಾನಲ್‌ಗೆ ಇವರ ಕಡೆಯಿಂದ ಎರಡು ಗಟ್ಟಿ ಮರದ ಗೂಟ ಹೊಡೆದು, ತಂತಿಯಿಂದ ಎಳೆದು ಕಟ್ಟಿ ತಾತ್ಕಾಲಿಕವಾಗಿ ನಿಲ್ಲಿಸಿದೆವು. ಅಷ್ಟಕ್ಕೇ ಆ ವಸಂತದ ಕೆಲಸ ಮುಗಿಯಿತು.

ಕಾಯುವ ತಿಂಗಳುಗಳು ದಂಡವಾಗಲಿಲ್ಲ. ಜೂನ್ ಕೊನೆಯಲ್ಲಿ ಹೂವು ಶುರುವಾಯಿತು. ಇಲ್ಲಿ ಆ ಹೊತ್ತಿನಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತು ದಾಟಿದ ಮೇಲೆ. ಹನಿಸಕಲ್‌ನ ಹೊಸ ಹೂವು ಸಂಜೆಯ ಕಡೆಗೆ ಅರಳುತ್ತದೆ, ವಾಸನೆ ಕತ್ತಲಾದಂತೆ ಜಾಸ್ತಿಯಾಗುತ್ತದೆ. ಹೂವಿನ ಕೊಳವೆ ಉದ್ದ, ಜೇನು ತಳದಲ್ಲಿ. ಅಲ್ಲಿಗೆ ನಾಲಿಗೆ ಮುಟ್ಟುವುದು ಹಾಕ್‌ಮಾತ್ ಅನ್ನುವ ದೊಡ್ಡ ಪತಂಗಗಳಿಗೆ. ಅವುಗಳಲ್ಲಿ ಎಲಿಫಂಟ್ ಹಾಕ್‌ಮಾತ್ ಗುಲಾಬಿ ಮತ್ತು ಹಸಿರು ಬಣ್ಣದ್ದು, ನೋಡಲು ಬಹಳ ಚೆಂದ. ಕೆನೆಬಣ್ಣದ ಹೂವು ಪರಾಗ ಸಿಕ್ಕಮೇಲೆ ಹಳದಿಗೆ ತಿರುಗುತ್ತದೆ. ಕಾಕಾ ರಾತ್ರಿ ಊಟ ಆದಮೇಲೆ ಹಿತ್ತಲಲ್ಲಿ ಕುರ್ಚಿ ಹಾಕಿಕೊಂಡು ಪತಂಗಗಳಿಗೆ ಕಾಯುತ್ತಿದ್ದರು. ಬಳ್ಳಿಯನ್ನು ಕೀಳುವ ಮಾತನ್ನು ಮಗ ಮತ್ತೆ ಎತ್ತಲಿಲ್ಲ.

ಕಾಡಿನಲ್ಲಿ ಈ ಬಳ್ಳಿಗೆ ಇನ್ನೂ ದೊಡ್ಡ ಸಂಸಾರ ಇದೆ. ಡಾರ್‌ಮೌಸ್ ಅನ್ನುವ ಪುಟ್ಟ ಪ್ರಾಣಿ ಇದರ ಸುಲಿದ ತೊಗಟೆಯಿಂದ ಗೂಡು ನೇಯುತ್ತದೆ. ವೈಟ್ ಅಡ್ಮಿರಲ್ ಚಿಟ್ಟೆಯ ಮರಿಹುಳುವಿಗೆ ಇದರ ಎಲೆಯೇ ಊಟ. ಎಳೆಯ ಮರಕ್ಕೆ ಹನಿಸಕಲ್ ಬಿಗಿಯಾಗಿ ಸುತ್ತಿದರೆ ಕಾಂಡದಲ್ಲಿ ಸುರುಳಿ ಸುರುಳಿಯಾಗಿ ಗುಳಿ ಬೀಳುತ್ತದೆ. ಅಂಥ ಹೇಜಲ್ ಕೋಲುಗಳನ್ನು ಇಲ್ಲಿಯವರು ಊರುಗೋಲು ಮಾಡಿಕೊಳ್ಳುತ್ತಿದ್ದರು. ಹಿತ್ತಲಿನ ಎಳೆಯ ಸೇಬಿನ ಗಿಡಕ್ಕೆ ಇದನ್ನು ಹಬ್ಬಿಸಬಾರದು ಅನ್ನುವುದಕ್ಕೆ ಆ ಕೋಲೇ ಸಾಕ್ಷಿ.

ಆ ಬೇಸಿಗೆ ಬಳ್ಳಿಗೆ ಕಷ್ಟದ್ದಾಯಿತು. 2022ರ ಜುಲೈ 19ರಂದು ಇಂಗ್ಲೆಂಡಿನಲ್ಲಿ ಮೊದಲ ಸಲ 40 ಡಿಗ್ರಿ ದಾಟಿತು. ಲಿಂಕನ್‌ಶೈರ್‌ನ ಕೋನಿಂಗ್ಸ್‌ಬಿಯಲ್ಲಿ 40.3. ರೆಡಿಂಗ್‌ನಲ್ಲೂ 35 ದಾಟಿತ್ತು. ಆಗಸ್ಟ್‌ನಲ್ಲಿ ಬರ ಘೋಷಣೆಯಾಯಿತು, ಪೈಪಿನಿಂದ ಗಿಡಕ್ಕೆ ನೀರು ಬಿಡಬಾರದು ಅಂತಲೂ ಆಯಿತು. ಇಂಗ್ಲೆಂಡ್ ಅಂದರೆ ಸದಾ ಮಳೆ ಅಂತ ನಮ್ಮವರ ನಂಬಿಕೆ. ರೆಡಿಂಗ್‌ನ ವರ್ಷದ ಮಳೆ 600 ಮಿಲಿಮೀಟರ್ ಆಸುಪಾಸು, ಹೆಚ್ಚುಕಡಿಮೆ ವಿಜಯಪುರದಷ್ಟೇ. ವರ್ಷವಿಡೀ ಹನಿಹನಿಯಾಗಿ ಬೀಳುತ್ತದೆ ಅಷ್ಟೇ. ಅದರಲ್ಲೂ ಬೇಲಿಯ ಬುಡಕ್ಕೆ ಮಳೆ ಸರಿಯಾಗಿ ಬೀಳುವುದಿಲ್ಲ, ಮೇಲಿನ ಮುಚ್ಚಳವೇ ತಡೆಯುತ್ತದೆ.

ಹನಿಸಕಲ್ ಮೂಲತಃ ಕಾಡಿನ ಬಳ್ಳಿ. ತಲೆಗೆ ಬಿಸಿಲು, ಬೇರಿಗೆ ನೆರಳು ಮತ್ತು ತೇವ ಬೇಕು. ಬೇರು ಒಣಗಿದರೆ ಮೊದಲು ಕಾಣುವುದು ಎಲೆಯ ಮೇಲಿನ ಬಿಳಿ ಪುಡಿ, ಅಂದರೆ ಬೂದಿ ರೋಗ. ಜುಲೈನಲ್ಲೇ ಅದು ಬಂತು. ದ್ರಾಕ್ಷಿಯಲ್ಲಿ ಬೂದಿ ರೋಗ ಕಂಡರೆ ಕಾಕಾ ಆ ದಿನವೇ ಔಷಧಿ ಹೊಡೆಸುವವರು. ಇಲ್ಲಿ ಔಷಧಿ ಬೇಡ, ಬುಡಕ್ಕೆ ನೀರು ಕೊಡಿ ಅಂದೆ. ಪಾತ್ರೆ ತೊಳೆದ ನೀರನ್ನು ಅವರು ಬಕೆಟ್‌ನಲ್ಲಿ ಹಿಡಿದು ದಿನಾ ಸಂಜೆ ಬುಡಕ್ಕೆ ಸುರಿದರು. ಹೊಸ ಎಲೆಗಳು ಸ್ವಚ್ಛವಾಗಿ ಬಂದವು. ಚಿಗುರಿನ ತುದಿಗೆ ರಸ ಹೀರುವ ಸಸ್ಯಹೇನೂ ಹತ್ತಿದ್ದವು. ಜೂನ್‌ನಲ್ಲಿ ಜಾಸ್ತಿ ಇದ್ದವು, ಲೇಡಿಬರ್ಡ್ ಹುಳುಗಳು ಬಂದಮೇಲೆ ಇಳಿದವು. ತೀರಾ ಮುದುಡಿದ ತುದಿಗಳನ್ನು ಕೈಯಿಂದ ಚಿವುಟಿ ಹಾಕಿದ್ದು ಬಿಟ್ಟರೆ ಬೇರೇನೂ ಮಾಡಲಿಲ್ಲ.

ಹೂವು ಮುಗಿದ ಕೂಡಲೇ, ಅಂದರೆ ಆಗಸ್ಟ್ ಕೊನೆಯಲ್ಲಿ, ಹೂಬಿಟ್ಟ ಕಡ್ಡಿಗಳನ್ನು ಮೂರನೇ ಒಂದು ಭಾಗದಷ್ಟು ಕತ್ತರಿಸುವುದು ಪೆರಿಕ್ಲೈಮೆನಮ್‌ನ ಮಾಮೂಲಿ ಕ್ರಮ. ಬಾಯಾರಿದ ಬಳ್ಳಿಯ ಮೇಲೆ ಆಗ ಕತ್ತರಿ ಹಾಕುವುದು ಬೇಡ ಅನ್ನಿಸಿತು. ಸೆಪ್ಟೆಂಬರ್‌ನಲ್ಲಿ ಮಳೆ ಬಂದಮೇಲೆ ಶುರು ಮಾಡಿದೆವು. ಗೂಡು ಖಾಲಿಯಾಗಿತ್ತು.

ಆ ಸಲ ಕತ್ತರಿಸಿದ್ದು ಬಳ್ಳಿಯನ್ನು ಚಿಕ್ಕದು ಮಾಡಲಿಕ್ಕಲ್ಲ, ಮುಚ್ಚಳಕ್ಕೆ ಕಿಂಡಿ ಮಾಡಲಿಕ್ಕೆ. ಈ ಹೆಜ್ಜೆಯನ್ನು ಜನ ಬಿಡುತ್ತಾರೆ. ಇಡೀ ಪ್ರಕರಣದಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಇದೇ. ಹಳೆಯ ಹನಿಸಕಲ್ ಅನ್ನು ಬುಡಕ್ಕೆ ಕತ್ತರಿಸಿದರೆ ಚಿಗುರುತ್ತದೆಯೋ ಇಲ್ಲವೋ ಅನ್ನುವ ಭಯ ಎಲ್ಲರಿಗೂ ಇರುತ್ತದೆ. ಭಯಪಡುವ ಬದಲು ಬಳ್ಳಿಯನ್ನೇ ಕೇಳಬಹುದು. ಮೇಲೆ ಕಿಂಡಿ ಮಾಡಿ ಬುಡಕ್ಕೆ ಬೆಳಕು ಬಿಡಿ. ಬೇರಿನಲ್ಲಿ ಕಸುವಿದ್ದರೆ ಕೆಲವು ವಾರಗಳಲ್ಲಿ ಬುಡದ ಗೆಣ್ಣುಗಳಲ್ಲಿ ಹಸಿರು ಕಣ್ಣು ಉಬ್ಬುತ್ತವೆ. ಉಬ್ಬಿದರೆ ಚಳಿಗಾಲದ ಕೊನೆಯಲ್ಲಿ ಧೈರ್ಯವಾಗಿ ಕತ್ತರಿಸಿ. ಏನೂ ಕಾಣದಿದ್ದರೆ ಒಂದೇ ಸಲಕ್ಕೆ ಬೇಡ, ಮೂರು ವರ್ಷದಲ್ಲಿ ವರ್ಷಕ್ಕೆ ಮೂರನೇ ಒಂದರಷ್ಟು ಹಳೆಯ ಕಾಂಡ ತೆಗೆಯಿರಿ.

ಕಾಕಾ ಈ ಕೆಲಸವನ್ನು ತಾವೇ ಮಾಡಿದರು. ಸೆಕೆಟರ್, ಅಂದರೆ ಕಡ್ಡಿ ಕತ್ತರಿಸುವ ಕೈಕತ್ತರಿ, ಹಿಡಿದು ಒಳಗಿನ ಒಣಕಡ್ಡಿಯನ್ನು ಆರಿಸಿ ಆರಿಸಿ ತೆಗೆಯುವ ಅವರ ಕೈ ನೋಡಬೇಕು. ಒಣಗಿದ್ದೋ ಹಸಿಯೋ ಗೊತ್ತಾಗದಿದ್ದರೆ ಉಗುರಿನಿಂದ ಸ್ವಲ್ಪ ಕೆರೆದು ನೋಡುತ್ತಿದ್ದರು. ಕೆಳಗೆ ಹಸಿರು ಕಂಡರೆ ಬಿಡುವುದು, ಕಂದು ಇದ್ದರೆ ತೆಗೆಯುವುದು. ಒಳಗಿನ ರಾಶಿ ಹಳೇ ಹಾಸಿಗೆಯ ಗಂಟುಗಟ್ಟಿದ ಹತ್ತಿಯ ಹಾಗಿತ್ತು, ಎಳೆದರೆ ಬರುವುದಿಲ್ಲ, ಬಿಡಿಸಬೇಕು. ಕೌನ್ಸಿಲ್‌ನ ಹಿತ್ತಲಕಸದ ಡಬ್ಬಿ ಎಷ್ಟೋ ಸಲ ತುಂಬಿತು. ಪಕ್ಕದ ಶೆಡ್ಡಿನ ಮೇಲಿದ್ದದ್ದನ್ನೂ ಪೂರ್ತಿ ಇಳಿಸಿದೆವು. ಅಲ್ಲಿಂದ ನೆಲಕ್ಕೆ ಇಳಿಬಿದ್ದಿದ್ದ ಒಂದು ಉದ್ದ ಕಡ್ಡಿಯನ್ನು ಕತ್ತರಿಸದೆ ಇವರ ಕಡೆಗೆ ಎಳೆದು ತಂದು, ನಡುವೆ ಒಂದು ಗೆಣ್ಣನ್ನು ಮಣ್ಣಿನಲ್ಲಿ ಹೂತು, ತಂತಿಯ ಕೊಕ್ಕೆ ಚುಚ್ಚಿ, ಮೇಲೊಂದು ಕಲ್ಲು ಇಟ್ಟೆವು. ಬೇರು ಬಿಟ್ಟರೆ ಹೊಸ ಸಸಿ, ಹಳೆಯದು ಕೈಕೊಟ್ಟರೆ ಇರಲಿ ಅಂತ. ಕಾಕಾ ತಮ್ಮ ಅಕ್ಟೋಬರ್ ಚಾಟ್ನಿಗೆ ಊರಿಗೆ ಹೊರಟರು.

ಮುಖ್ಯ ಕಾಂಡಗಳು ಐದಿದ್ದವು. ಜನವರಿಯಲ್ಲಿ ನೋಡಿದಾಗ ನಾಲ್ಕರ ಬುಡದಲ್ಲಿ ಜೋಡಿ ಜೋಡಿ ಕಣ್ಣುಗಳು ಸ್ಪಷ್ಟವಾಗಿ ಕಂಡವು. ಐದನೆಯದರಲ್ಲಿ, ಎಲ್ಲಕ್ಕಿಂತ ದಪ್ಪನೆಯದರಲ್ಲಿ, ಏನೂ ಇರಲಿಲ್ಲ. 2023ರ ಫೆಬ್ರುವರಿ ಕೊನೆಗೆ ದೊಡ್ಡ ಕತ್ತರಿಕೆ ಅಂತ ನಿರ್ಧಾರ ಆಯಿತು. ಆ ಬೇಸಿಗೆ ಹೂವು ಬರುವುದಿಲ್ಲ ಅಂತ ಮನೆಯವರಿಗೆ ಮೊದಲೇ ಹೇಳಿದ್ದೆ. ಹಾಗಿದ್ದರೆ ಹೂವು ಮುಗಿದ ಮೇಲೆ ಸೆಪ್ಟೆಂಬರ್‌ನಲ್ಲೇ ಯಾಕೆ ಬುಡಕ್ಕೆ ಕತ್ತರಿಸಲಿಲ್ಲ ಅಂತ ಆಕೆ ಕೇಳಿದರು. ಒಳ್ಳೆಯ ಪ್ರಶ್ನೆ. ಸೆಪ್ಟೆಂಬರ್‌ನಲ್ಲಿ ಕತ್ತರಿಸಿದರೆ ಬರುವ ಎಳೆಚಿಗುರು ಬಲಿಯುವ ಮೊದಲೇ ಚಳಿ ಬಂದು ಸುಡುತ್ತದೆ. ಫೆಬ್ರುವರಿ ಕೊನೆಯಲ್ಲಿ ಬೇರಿನಲ್ಲಿ ಕೂಡಿಟ್ಟ ಕಸುವೆಲ್ಲ ಹಾಗೇ ಇರುತ್ತದೆ, ಮುಂದೆ ಇಡೀ ಬೆಳೆಯುವ ಕಾಲ ಬಾಕಿ ಇರುತ್ತದೆ. ಹಕ್ಕಿಗಳು ಸಾಮಾನ್ಯವಾಗಿ ಇನ್ನೂ ಗೂಡು ಶುರು ಮಾಡಿರುವುದಿಲ್ಲ, ಎಲೆ ಇಲ್ಲದ್ದರಿಂದ ಏನು ಕತ್ತರಿಸುತ್ತಿದ್ದೇವೆ ಅಂತಲೂ ಕಾಣುತ್ತದೆ.

ಶುರು ಮಾಡುವ ಮೊದಲು ಬುಡದ ತರಗೆಲೆ ರಾಶಿಯನ್ನು ಕೈಯಿಂದ ಮೆಲ್ಲಗೆ ಸರಿಸಿ ನೋಡಿದೆವು. ಇಲ್ಲಿಯ ಮುಳ್ಳುಹಂದಿಯಂಥ ಪುಟ್ಟ ಹೆಡ್ಜ್‌ಹಾಗ್ ಇಂಥ ಕಡೆ ಚಳಿಗಾಲದ ನಿದ್ದೆ ಮಾಡುತ್ತದೆ. ಈ ಸಲ ಇರಲಿಲ್ಲ. ಲೇಡಿಬರ್ಡ್‌ಗಳು ಗುಂಪಾಗಿ ಕೂತಿದ್ದವು, ಆ ಎಲೆಗಳನ್ನು ಹಾಗೇ ಎತ್ತಿ ಮೂಲೆಯಲ್ಲಿಟ್ಟೆವು.

ನಾಲ್ಕು ಕಾಂಡಗಳನ್ನು ನೆಲದಿಂದ 60 ಸೆಂಟಿಮೀಟರ್ ಎತ್ತರಕ್ಕೆ ಕತ್ತರಿಸಿದೆವು. ದಪ್ಪದ್ದಕ್ಕೆ ಮಡಚುವ ಗರಗಸ, ಉಳಿದದ್ದಕ್ಕೆ ಉದ್ದ ಹಿಡಿಯ ಕತ್ತರಿ. ಹನಿಸಕಲ್‌ನ ಕಣ್ಣುಗಳು ಎದುರುಬದುರು ಇರುವುದರಿಂದ ಓರೆಯಾಗಿ ಕತ್ತರಿಸಬೇಕಿಲ್ಲ, ಜೋಡಿಯ ಸ್ವಲ್ಪ ಮೇಲೆ ನೇರವಾಗಿ ಕತ್ತರಿಸಿದರೆ ಸರಿ. ಐದನೆಯದನ್ನು ಎದೆಮಟ್ಟದಲ್ಲಿ ನಿಲ್ಲಿಸಿದೆವು, ಅದರ ಮೇಲ್ಭಾಗದಲ್ಲಿ ಒಂದು ಜೀವಂತ ಕವಲು ಇತ್ತು. ವಿಡಿಯೋ ಕಾಲ್‌ನಲ್ಲಿ ಕಾಕಾ ನೋಡುತ್ತಿದ್ದರು, ಅವರ ಕಡೆ ದ್ರಾಕ್ಷಿ ಕಟಾವು ನಡೆದಿತ್ತು. “ಏ ತಂಗಿ, ಕತ್ತರಿ ಒರಸ್ಕೋತ ಹೋಗ್ರಿ, ಒಂದರ ರೋಗ ಇನ್ನೊಂದಕ್ಕ ಹತ್ತಬಾರದು” ಅಂತ ಸೊಸೆಗೆ ಅಲ್ಲಿಂದಲೇ ಹೇಳಿದರು. “ಹೂಂ ಮಾವಾರ” ಅಂತ ಆಕೆ ಪ್ರತಿ ಕಾಂಡ ಆದಮೇಲೂ ಅಲಗನ್ನು ಸ್ಪಿರಿಟ್ ಬಟ್ಟೆಯಿಂದ ಒರೆಸಿದರು.

ಬೇಲಿ ಖಾಲಿಯಾದ ಮೇಲೆ ಹಳೆಯ ಪ್ಯಾನಲ್‌ಗಳು ಕೈಗೇ ಪುಡಿಯಾಗಿ ಬಂದವು. ಬಳ್ಳಿಯೇ ಅವನ್ನು ಹಿಡಿದು ನಿಲ್ಲಿಸಿತ್ತು. ಹೊಸ ಪ್ಯಾನಲ್ ಹಾಕಿದ ಮೇಲೆ ಬಳ್ಳಿಯನ್ನು ಅದಕ್ಕೆ ನೇರವಾಗಿ ಬಿಡಲಿಲ್ಲ. ಕಂಬದಿಂದ ಕಂಬಕ್ಕೆ ಜಿಂಕ್ ಲೇಪದ ತಂತಿ ಅಡ್ಡ ಎಳೆದೆವು. ಮೊದಲ ತಂತಿ ಮೊಣಕಾಲ ಮಟ್ಟದಲ್ಲಿ, ಆಮೇಲೆ ಪ್ರತಿ 35, 40 ಸೆಂಟಿಮೀಟರಿಗೆ ಒಂದು. ಬೇಲಿಗೂ ತಂತಿಗೂ ನಡುವೆ ನಾಲ್ಕು ಬೆರಳಿನ ಅಂತರ. ಗಾಳಿ ಆಡಿದರೆ ಬೂದಿ ರೋಗ ಕಡಿಮೆ, ಮರವೂ ಬೇಗ ಕೊಳೆಯುವುದಿಲ್ಲ.

ಬುಡಕ್ಕೆ ಚೆನ್ನಾಗಿ ಕಳಿತ ಗೊಬ್ಬರ ಎರಡು, ಮೂರು ಇಂಚು ದಪ್ಪ ಹರಡಿದೆವು, ಕಾಂಡಕ್ಕೆ ತಾಗದ ಹಾಗೆ. ದನದ ಗೊಬ್ಬರ ಇಲ್ಲಿ ಅಂಗಡಿಯಲ್ಲಿ ಚೀಲದಲ್ಲಿ ಸಿಗುತ್ತದೆ. ಸಾರಜನಕ ಜಾಸ್ತಿ ಇರುವ ಗೊಬ್ಬರ ಹಾಕಬಾರದು. ಎಲೆ ಸೊಕ್ಕುತ್ತದೆ, ಹೂವು ಕಡಿಮೆಯಾಗುತ್ತದೆ, ಹೇನಿಗೆ ಹಬ್ಬ.

ಏಪ್ರಿಲ್ ಹೊತ್ತಿಗೆ ನಾಲ್ಕೂ ಕಾಂಡ ಒಡೆದವು. ಲೆಕ್ಕವಿಲ್ಲದಷ್ಟು ಚಿಗುರು. ಖುಷಿಗೆ ಎಲ್ಲವನ್ನೂ ಬಿಟ್ಟರೆ ಹಳೆಯ ಕಥೆಯೇ ಮತ್ತೆ. ಗಟ್ಟಿಯಾದ ಏಳು ಚಿಗುರು ಆರಿಸಿ ಉಳಿದದ್ದು ತೆಗೆದೆವು. ಆರಿಸಿದ್ದನ್ನು ನೇರ ಮೇಲಕ್ಕೆ ಬಿಡದೆ ಬೀಸಣಿಗೆ ಆಕಾರದಲ್ಲಿ ಓರೆಯಾಗಿ ತಂತಿಗೆ ಕಟ್ಟಿದೆವು. ನೇರ ನಿಂತ ಕಡ್ಡಿ ತನ್ನ ಶಕ್ತಿಯನ್ನೆಲ್ಲ ತುದಿಗೆ ಕಳಿಸುತ್ತದೆ. ಓರೆಯಾಗಿ ಬಾಗಿಸಿದರೆ ಉದ್ದಕ್ಕೂ ಕಣ್ಣು ಒಡೆಯುತ್ತವೆ, ಹೂವು ಕಣ್ಣೆತ್ತರದಲ್ಲಿ ಸಿಗುತ್ತದೆ. ಚಪ್ಪರದ ದ್ರಾಕ್ಷಿಯಲ್ಲಿ ಕೈಗಳನ್ನು ಅಡ್ಡ ಹಬ್ಬಿಸುವುದೂ ಇದಕ್ಕೇ. ಕಟ್ಟಲು ಮೆತ್ತನೆಯ ಸೆಣಬಿನ ದಾರ, 8ರ ಆಕಾರದಲ್ಲಿ ಸಡಿಲ ಗಂಟು. 2023ರ ಜೂನ್ ಬ್ರಿಟನ್‌ನ ದಾಖಲೆಯ ಬಿಸಿ ಜೂನ್. ಆ ತಿಂಗಳು ವಾರಕ್ಕೆರಡು ಸಲ ಬುಡಕ್ಕೆ ನೀರು ತುಂಬಿಸಿದ್ದು ಬಹಳ ಮುಖ್ಯವಾಯಿತು.

ಆ ವರ್ಷ ಹೂವು ಬಂದಿದ್ದು ಐದನೇ ಕಾಂಡದ ಆ ಒಂದು ಕವಲಿನಲ್ಲಿ ಮಾತ್ರ, ಕೆಲವೇ ಗೊಂಚಲು. 2024ರ ಜುಲೈನಲ್ಲಿ ಬಲಿತ ಏಳೂ ಕಡ್ಡಿಗಳ ಮೇಲೆ, ಮೊಣಕಾಲಿನಿಂದ ಬೇಲಿಯ ತಲೆಯವರೆಗೆ ಹೂವು ಬಂತು. ಈಗ ಆಗಸ್ಟ್ ಕೊನೆಯಲ್ಲಿ ಒಂದು ಮಧ್ಯಾಹ್ನದ ಕೆಲಸ: ಹೂಬಿಟ್ಟದ್ದನ್ನು ಮೂರನೇ ಒಂದು ಭಾಗ ಕತ್ತರಿಸುವುದು, ಒಂದೋ ಎರಡೋ ಹಳೆಯ ಕಡ್ಡಿ ತೆಗೆದು ಬುಡದ ಹೊಸದಕ್ಕೆ ಜಾಗ ಬಿಡುವುದು. ಸ್ವಲ್ಪ ಹೂವನ್ನು ಕತ್ತರಿಸದೆ ಬಿಡುತ್ತಾರೆ, ಹಕ್ಕಿಗಳಿಗೆ ಹಣ್ಣು ಬೇಕಲ್ವಾ. ಮನೆಯಲ್ಲಿ ಈಗ ಓಡಾಡುವ ಮಗು ಇದೆ. ಆ ಕೆಂಪು ಹಣ್ಣು ಮನುಷ್ಯರ ಹೊಟ್ಟೆಗೆ ಆಗುವುದಿಲ್ಲ, ತಿಂದರೆ ವಾಂತಿಯಾಗಬಹುದು. ಅದಕ್ಕೆ ಕೆಳಗಿನ ಎರಡು ತಂತಿಗಳ ಗೊಂಚಲನ್ನು ಬಾಡಿದ ಕೂಡಲೇ ತೆಗೆದುಬಿಡುತ್ತಾರೆ.

ನ್ಯೂಜೆರ್ಸಿ, ವರ್ಜೀನಿಯಾ ಕಡೆ ಇರುವವರು ಇದನ್ನು ಓದುತ್ತಿದ್ದರೆ ಅವರಿಗೆ ನನ್ನ ಸಲಹೆ ಬೇರೆ. ಅಲ್ಲಿ ಬೇಲಿ ನುಂಗುವುದು ಸಾಮಾನ್ಯವಾಗಿ ಜಪೋನಿಕಾ. ಏಷ್ಯಾದಿಂದ ತಂದು ನೆಟ್ಟದ್ದು ಈಗ ಅಲ್ಲಿಯ ಕಾಡುಗಳಿಗೆ ದೊಡ್ಡ ಕಾಟ. ಅದನ್ನು ಉಳಿಸಿ ಸಾಕುವುದು ಬೇಡ, ಬೇರು ಸಮೇತ ತೆಗೆಯಿರಿ. ಆ ಜಾಗಕ್ಕೆ ಆ ನೆಲದ್ದೇ ಆದ ಲೋನಿಸೆರಾ ಸೆಂಪರ್‌ವೈರೆನ್ಸ್ ನೆಡಿ. ಅದರ ಕೆಂಪು ಕೊಳವೆ ಹೂವಿಗೆ ಹಮ್ಮಿಂಗ್‌ಬರ್ಡ್ ಬರುತ್ತವೆ.

ರೆಡಿಂಗ್‌ನ ಐದನೇ ಕಾಂಡ ಇನ್ನೂ ಹಾಗೇ ಇದೆ. ಬುಡದಲ್ಲಿ ಕಣ್ಣು ಒಡೆದಿಲ್ಲ, ಮೇಲಿನ ಕವಲು ವರ್ಷದಿಂದ ವರ್ಷಕ್ಕೆ ಸೊರಗುತ್ತಿದೆ. ಬರುವ ಫೆಬ್ರುವರಿಯಲ್ಲಿ ಅದನ್ನು ನೆಲಮಟ್ಟಕ್ಕೆ ತೆಗೆಯಿರಿ ಅಂದಿದ್ದೇನೆ. ಮಣ್ಣಿನಲ್ಲಿ ಹೂತಿದ್ದ ಗೆಣ್ಣು ಬೇರು ಬಿಟ್ಟು ಈಗ ಕುಂಡದಲ್ಲಿ ಒಳ್ಳೆಯ ಸಸಿಯಾಗಿದೆ. ಆಕೆಗೆ ಅದನ್ನು ಐದನೆಯದರ ಜಾಗಕ್ಕೆ ನೆಡುವ ಆಸೆ. ನಾನು ಬೇಡ ಅಂದೆ, ಅಲ್ಲಿ ನಾಲ್ಕು ಕಾಂಡದ ಬೇರು ತುಂಬಿಕೊಂಡಿದೆ, ಸಸಿಗೆ ನೀರು ದಕ್ಕುವುದಿಲ್ಲ. ಪಕ್ಕದ ಮನೆಯವರು ತಮ್ಮ ಶೆಡ್ಡಿನ ಗೋಡೆಗೆ ತಂತಿ ಎಳೆದುಕೊಂಡು ಆ ಸಸಿಯನ್ನು ಕೇಳಿದ್ದಾರೆ. ಅಲ್ಲಿ ಬುಡಕ್ಕೆ ನೆರಳಿದೆ, ಮೇಲೆ ಮಧ್ಯಾಹ್ನದ ಬಿಸಿಲಿದೆ. ಅಕ್ಟೋಬರ್‌ನಲ್ಲಿ, ಮಣ್ಣು ಇನ್ನೂ ಬೆಚ್ಚಗಿರುವಾಗ, ಗೋಡೆಯಿಂದ ಒಂದೂವರೆ ಅಡಿ ಈಚೆಗೆ ನೆಟ್ಟು ತಂತಿಯ ಕಡೆ ವಾಲಿಸಬೇಕು.